ಆಯಿ ಹುಟ್ಟಿದ ವರ್ಷದ ಪೇಟೆ ಧಾರಣೆ

ಅಣ್ಣ ಫೋನ್ ಮಾಡಿದಾಗ ನಾನು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿರುವ ನಮ್ಮ ಬ್ಯಾಂಕ್ ಬ್ರಾಂಚಿನ ಹಿಂದಿನ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಆಯಿಗೆ ಜನವರಿಗೆ ತೊಂಬತ್ತು ತುಂಬುತ್ತದೆ, ಗನ್ನವರಂ ರಸ್ತೆಯಲ್ಲಿ ಫಂಕ್ಷನ್ ಹಾಲ್ ಹಿಡಿದಿದ್ದೇನೆ, ಮುನ್ನೂರು ಜನಕ್ಕೆ ಊಟ ಅಂದ. ಆಯಿ ಅಂದರೆ ನಮ್ಮ ಅಪ್ಪನ ತಾಯಿ. ಗದಗಿನ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಗದಗಿನಲ್ಲಿ ಸಂಸಾರ ಮಾಡಿ, ಅಪ್ಪ ತೀರಿಕೊಂಡ ಮೇಲೆ, ಮೊದಲೇ ವಿಜಯವಾಡದಲ್ಲಿ ನೆಲೆಸಿದ್ದ ಅಣ್ಣನ ಮನೆಗೆ ಬಂದವಳು. ಬಂದು ಆರು ವರ್ಷವಾದರೂ ಆ ಊರಿನಲ್ಲಿ ಅವಳು ಹೆಸರು ಹಿಡಿದು ಕರೆಯಬಲ್ಲ ಜನ ಏಳೆಂಟು ಮಂದಿ ಇದ್ದಾರೋ ಇಲ್ಲವೋ. ಹಾಗಾದರೆ ಈ ಮುನ್ನೂರು ಜನ ಯಾರು ಅಂತ ಕೇಳಿದೆ. ಡಾಕ್ಟರುಗಳು, ಆಸ್ಪತ್ರೆಗಳಲ್ಲಿ ಔಷಧ ಖರೀದಿ ನೋಡಿಕೊಳ್ಳುವವರು, ಅವರ ಮನೆಯವರು ಅಂದ. ಅಣ್ಣ ಆಸ್ಪತ್ರೆಗಳಿಗೆ ಔಷಧ ಸಪ್ಲೈ ಮಾಡುವ ಏಜೆನ್ಸಿ ನಡೆಸುತ್ತಾನೆ. ಸುಮ್ಮನೆ ಊಟಕ್ಕೆ ಕರೆದರೆ ಬಾರದ ಡಾಕ್ಟರು ತೊಂಬತ್ತು ವರ್ಷದ ಮುದುಕಿಯ ಹೆಸರು ಹೇಳಿದರೆ ಬಂದೇ ಬರುತ್ತಾನೆ ಅನ್ನುವುದು ಅವನಿಗೆ ಗೊತ್ತು.

ನನಗೆ ಅವನು ವಹಿಸಿದ ಕೆಲಸ ಬೇರೆ. ಹಾಲಿನ ಬಾಗಿಲಲ್ಲಿ ಆಳೆತ್ತರದ ಬೋರ್ಡೊಂದನ್ನು ನಿಲ್ಲಿಸಬೇಕಂತೆ. ಆಯಿ ಹುಟ್ಟಿದ ವರ್ಷ ಯಾವ ಸಾಮಾನಿಗೆ ಎಷ್ಟು ರೇಟಿತ್ತು ಅನ್ನುವ ಪಟ್ಟಿ ಅದರ ಮೇಲೆ. ಯಾರೋ ಡಾಕ್ಟರ ತಂದೆಯ ಎಂಬತ್ತರ ಸಮಾರಂಭದಲ್ಲಿ ಅಂಥದ್ದನ್ನು ನೋಡಿಬಂದಿದ್ದ. ಬಂದವರೆಲ್ಲ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರಂತೆ. "ನೀ ಬ್ಯಾಂಕಿನಾಕಿ. ರೊಕ್ಕದ ವಿಚಾರ ನಿನಗ ಗೊತ್ತಿರತೈತಿ, ಒಂದೀಟು ಹುಡಕಿ ಕಳಸು," ಅಂದ. ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ನಾನು ಚೆನ್ನಾಗಿ ಕಲಿತದ್ದು ಒಂದೇ, ಜನರನ್ನು ಬೆನ್ನುಹತ್ತಿ ಕೆವೈಸಿ ಕಾಗದ ವಸೂಲಿ ಮಾಡುವುದು. ತೊಂಬತ್ತು ವರ್ಷದ ಹಿಂದೆ ಜೋಳದ ಧಾರಣೆ ಎಷ್ಟಿತ್ತು ಅನ್ನುವುದು ನಮ್ಮ ಕಂಪ್ಯೂಟರಿನಲ್ಲಿ ಸಿಗುತ್ತದೆ ಅಂತ ಅಣ್ಣ ನಿಜವಾಗಿಯೂ ನಂಬಿದ್ದ.

ಸಂಜೆಗೇ ಡೆಕೋರೇಶನ್ನಿನ ಹುಡುಗ ಮಾದರಿ ಕಳಿಸಿದ. ಇಂಟರ್ನೆಟ್ಟಿನಿಂದ ಇಳಿಸಿಕೊಂಡದ್ದು, ಅದೂ ಅಮೆರಿಕದ್ದು. ಒಂದು ಪೌಂಡು ಬ್ರೆಡ್ಡು, ಒಂದು ಗ್ಯಾಲನ್ ಪೆಟ್ರೋಲು, ಒಂದು ಡಜನ್ ಮೊಟ್ಟೆ, ಸಿನಿಮಾ ಟಿಕೆಟ್ಟು, ಹೊಸ ಕಾರು. ಡಾಲರಿನ ಗುರುತು ಅಳಿಸಿ ರೂಪಾಯಿಯ ಗುರುತು ಅಂಟಿಸಿದ್ದ. ಅಂಕಿಗಳನ್ನು ಮುಟ್ಟಿರಲಿಲ್ಲ. ಮೊಟ್ಟೆ ಇವತ್ತಿನವರೆಗೂ ನಮ್ಮ ಮನೆಯ ಹೊಸ್ತಿಲು ದಾಟಿಲ್ಲ. ಕಾರಿನಲ್ಲಿ ಆಯಿ ಮೊದಲ ಸಲ ಕೂತಾಗ ಅವಳಿಗೆ ಅರವತ್ತು ದಾಟಿತ್ತು. ಕೆಳಗೆ ತನ್ನ ಸ್ವಂತ ಬುದ್ಧಿಯಿಂದ ಇನ್ನೊಂದು ಸಾಲು ಸೇರಿಸಿದ್ದ, ಹಾಲು ಲೀಟರಿಗೆ ಇಷ್ಟು ಪೈಸೆ ಅಂತ. ಈ ದೇಶಕ್ಕೆ ಲೀಟರು ಬರುವಷ್ಟರಲ್ಲಿ ಆಯಿ ನಾಲ್ಕು ಮಕ್ಕಳ ತಾಯಿ. ನಾನು ಅವನಿಗೆ ಫೋನ್ ಮಾಡಿ, ಆಗ ಸೇರು ಪಾವು ಇದ್ದವು, ರೂಪಾಯಿಗೆ ಹದಿನಾರು ಆಣೆ ಇತ್ತು ಅಂತ ತಿಳಿಸಿ ಹೇಳಿದೆ. ಅವನು ಬಹಳ ಮರ್ಯಾದೆಯಿಂದ, ಅದನ್ನೆಲ್ಲ ಯಾರು ನೋಡುತ್ತಾರೆ ಮೇಡಂ ಗಾರು, ಕಲರ್ ಹೇಗಿದೆ ಅದನ್ನು ಹೇಳಿ ಅಂದ.

ಆ ಸಿಟ್ಟಿನಲ್ಲಿ ನಾನು ಈ ಕೆಲಸಕ್ಕೆ ಇಳಿದೆ. ಆಯಿಯ ಮೇಲಿನ ಪ್ರೀತಿಯಿಂದ ಅಂತ ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಅಣ್ಣನಿಗೂ ಆ ಹುಡುಗನಿಗೂ ನಿಜವಾದ ಪಟ್ಟಿ ಹೇಗಿರುತ್ತದೆ ಅಂತ ತೋರಿಸಿ ಅವರ ಮುಖ ನೋಡಬೇಕಾಗಿತ್ತು ನನಗೆ.

ಶುರು ಮಾಡುವಾಗಲೇ ಒಂದು ತೊಡಕಿತ್ತು. ಅದನ್ನು ನಾನು ಅಣ್ಣನಿಗೆ ಹೇಳಲಿಲ್ಲ. ಆಯಿಯ ಆಧಾರ್ ಕಾರ್ಡಿನಲ್ಲಿರುವ ಹುಟ್ಟಿದ ವರ್ಷ ನಾನೇ ಹೇಳಿ ಬರೆಸಿದ್ದು. ಗದಗಿನಲ್ಲಿ ಕಾರ್ಡು ಮಾಡಿಸುವ ದಿನ ನಾನು ರಜೆಯ ಮೇಲೆ ಊರಿಗೆ ಹೋಗಿದ್ದೆ. ಕಂಪ್ಯೂಟರಿನ ಮುಂದೆ ಕೂತವನು ಅಜ್ಜಿ ಹುಟ್ಟಿದ್ದು ಯಾವಾಗ ಅಂತ ಕೇಳಿದ. ಹಿತ್ತಲ ಬಾವಿಗೆ ನೀರು ಬಿದ್ದ ವರ್ಷ, ಜೋಳ ಕೊಯ್ಯುವಾಗ ಅಂದಳು ಆಯಿ. ಅವನು ನನ್ನ ಮುಖ ನೋಡಿದ. ಹಿಂದೆ ದೊಡ್ಡ ಸಾಲಿತ್ತು. ಅಪ್ಪ ಹುಟ್ಟಿದ ವರ್ಷದಲ್ಲಿ ಹದಿನೆಂಟು ಕಳೆದು ನಾನೊಂದು ವರ್ಷ ಹೇಳಿದೆ. ತಿಂಗಳು ತಾರೀಕು ಗೊತ್ತಿಲ್ಲದವರಿಗೆಲ್ಲ ಹಾಕುವ ಹಾಗೆ ಅವನು ಜನವರಿ ಒಂದು ಅಂತ ಹಾಕಿದ. ಅರ್ಧ ನಿಮಿಷದ ಆ ಲೆಕ್ಕ ಈಗ ಮುನ್ನೂರು ಜನರ ಊಟಕ್ಕೆ ಕಾರಣವಾಗಿತ್ತು. ನಾನು ಹುಡುಕಬೇಕಾಗಿದ್ದದ್ದು ನಾನೇ ಹುಟ್ಟಿಸಿದ ಒಂದು ವರ್ಷದ ಧಾರಣೆಯನ್ನು. ಆಚೆ ಎರಡು ಈಚೆ ಎರಡು ವರ್ಷ ಸೇರಿಸಿಕೊಂಡು ನೋಡಿದರಾಯಿತು ಅಂತ ಸಮಾಧಾನ ಮಾಡಿಕೊಂಡೆ.

ಮೊದಲು ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಹಳೆ ಪತ್ರಿಕೆಗಳನ್ನು ಕಟ್ಟಿ ಇಟ್ಟಿದ್ದಾರೆ ಅಂತ ಬ್ರಾಂಚಿನಲ್ಲಿ ಯಾರೋ ಹೇಳಿದ್ದರು. ಇಟ್ಟಿದ್ದು ನಿಜ. ಸಮುದ್ರದ ಉಪ್ಪುಗಾಳಿಗೆ ಹಾಳೆಗಳು ಹಪ್ಪಳವಾಗಿದ್ದವು. ಅಲ್ಲಿನ ನೌಕರ ಒಂದು ಸಂಪುಟವನ್ನು ತಂದು ಮೇಜಿನ ಮೇಲೆ ಕುಕ್ಕಿದ ರಭಸಕ್ಕೇ ಒಂದು ವಾರದ ಸುದ್ದಿ ಪುಡಿಯಾಯಿತು. ನಾಲ್ಕು ಶನಿವಾರ ಕೂತು ತಿರುವಿದೆ. ಬಂಗಾರ ಬೆಳ್ಳಿಯ ಧಾರಣೆ ದಿನಾ ಇತ್ತು. ಹಾರ್ಮೋನಿಯಮ್ಮಿನ, ಕೈಗಡಿಯಾರದ, ಶಕ್ತಿ ಹೆಚ್ಚಿಸುವ ಲೇಹ್ಯದ ಜಾಹೀರಾತುಗಳಿದ್ದವು. ಜೋಳ ಇರಲಿಲ್ಲ. ಖಾದಿಯ ಒಂದು ಗಜಕ್ಕೆ ಎಷ್ಟು ಅಂತ ಒಂದು ಕಡೆ ಸಿಕ್ಕಿತು, ಬರೆದುಕೊಂಡೆ. ಹಳ್ಳಿಯ ಹೆಂಗಸೊಬ್ಬಳು ದಿನಾ ಮುಟ್ಟುವ ಯಾವ ಸಾಮಾನಿನ ಬೆಲೆಯೂ ಪತ್ರಿಕೆಯವರಿಗೆ ಸುದ್ದಿಯಾಗಿ ಕಂಡಿರಲಿಲ್ಲ.

ಬ್ರಾಂಚಿನಲ್ಲಿ ನನ್ನ ಈ ಹುಡುಕಾಟದ ವಿಷಯ ಹರಡಿತು. ಊಟದ ಹೊತ್ತಿನಲ್ಲಿ ಎಲ್ಲರೂ ಒಬ್ಬರಾದ ಮೇಲೆ ಒಬ್ಬರು, ಆ ದಿನಗಳೇ ಬೇರೆ ಬಿಡಿ ಮೇಡಂ ಅಂತ ನಿಟ್ಟುಸಿರು ಬಿಡುವುದು ಶುರುವಾಯಿತು. ನಲವತ್ತು ವರ್ಷವೂ ತುಂಬದ ಮ್ಯಾನೇಜರು ಕೂಡ ಬಿಟ್ಟರು. ತಾವು ಹುಟ್ಟುವುದಕ್ಕೆ ಐವತ್ತು ವರ್ಷ ಮೊದಲಿನ ಅಗ್ಗದ ಬೆಲ್ಲವನ್ನು ನೆನೆಸಿಕೊಂಡು ಅವರ ಕಣ್ಣು ತೇವವಾಗುತ್ತಿತ್ತು. ಆಗ ಸಂಬಳ ಎಷ್ಟಿತ್ತು ಅಂತ ಕೇಳಿದರೆ ಮಾತ್ರ ಯಾರಿಗೂ ನೆನಪಿಲ್ಲ.

ಈ ಮಾತು ಕಿವಿಗೆ ಬಿದ್ದು ನಮ್ಮ ಹಳೆಯ ಗಿರಾಕಿಯೊಬ್ಬರು ನನ್ನ ಮೇಜಿಗೆ ಬಂದರು. ಬಂದರಿನ ಹಿಂದಿನ ಹಳೇ ಪೇಟೆಯಲ್ಲಿ ಮೂರು ತಲೆಮಾರಿನಿಂದ ಧಾನ್ಯದ ವ್ಯಾಪಾರ ಮಾಡಿದ ಮನೆತನದವರು. ಎಪ್ಪತ್ತೆಂಟು ವರ್ಷ, ಇಸ್ತ್ರಿ ಮಾಡಿದ ಪಂಚೆ, ಬೆರಳಿಗೆ ನಾಲ್ಕು ಉಂಗುರ. ಅವರ ತಾತನ ಲೆಕ್ಕದ ಪುಸ್ತಕಗಳು ಮನೆಯಲ್ಲಿವೆಯಂತೆ, ದಸರೆಯಲ್ಲಿ ಪೂಜೆ ಮಾಡುತ್ತಾರಂತೆ, ನಾನು ಬಂದು ನೋಡಬಹುದಂತೆ.

ಭಾನುವಾರ ಮಧ್ಯಾಹ್ನ ಹೋದೆ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಉದ್ದನೆಯ ಪುಸ್ತಕಗಳನ್ನು ಮಣೆಯ ಮೇಲೆ ಇಟ್ಟಿದ್ದರು. ನಾನು ಕೈಚೀಲ ಅವುಗಳ ಪಕ್ಕದಲ್ಲಿ ಇಟ್ಟದ್ದಕ್ಕೆ ಅವರ ಹೆಂಡತಿ ಬಂದು ಅದನ್ನು ತೆಗೆದು ನೆಲದ ಮೇಲಿಟ್ಟರು. ಅಕ್ಷರ ಬಿಡಿಸದೆ ಕೂಡಿಸಿ ಬರೆದ ಹಳೆಯ ತೆಲುಗು ನನಗೆ ಓದಲು ಬರುವುದಿಲ್ಲ, ಅವರೇ ಬೆರಳಿಟ್ಟು ಓದಿ ಹೇಳಿದರು. ಬೆಲ್ಲ ವೀಸೆಗೆ ಒಂದೂವರೆ ಆಣೆ. ವೀಸೆ ಅಂದರೆ ಆ ಕಡೆಯ ಹಳೇ ತೂಕ, ಈಗಿನ ಒಂದು ಕಿಲೋ ಮೇಲೆ ನಾನೂರು ಗ್ರಾಂ. ಹುಣಸೆಹಣ್ಣು ಇಷ್ಟು, ಉಪ್ಪು ಇಷ್ಟು, ಎಳ್ಳೆಣ್ಣೆ ವೀಸೆಗೆ ಆರು ಆಣೆ. ಪ್ರತಿ ಸಾಲಿಗೂ ಅವರು ತಲೆ ಅಲ್ಲಾಡಿಸಿ "ಆ ರೋಜುಲೇ ವೇರು" ಅನ್ನುತ್ತಿದ್ದರು, ಆ ದಿನಗಳೇ ಬೇರೆ ಅಂತ. ಈ ಮಾತಿನಿಂದ ತಪ್ಪಿಸಿಕೊಳ್ಳಲು ನನಗೆ ಆಂಧ್ರದಲ್ಲಿ ಎಲ್ಲೂ ಜಾಗವಿರಲಿಲ್ಲ.

ಪ್ರತಿ ದಿನದ ಲೆಕ್ಕದ ಕೊನೆಗೆ ಒಂದು ಚಿಕ್ಕ ಸಾಲಿತ್ತು. ಅದನ್ನು ಅವರು ಓದದೆ ಪುಟ ಮಗುಚುತ್ತಿದ್ದರು. ಏನದು ಅಂತ ಕೇಳಿದೆ. ಕೂಲಿಯವರದು ಅಂದರು. ಎಷ್ಟು ಅಂತ ಮತ್ತೆ ಕೇಳಬೇಕಾಯಿತು. ದಿನಕ್ಕೆ ಮೂರು ಆಣೆ. ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ ದೋಣಿಯಿಂದ ಗೋದಾಮಿಗೆ ಚೀಲ ಹೊತ್ತವನಿಗೆ ಮೂರು ಆಣೆ. ಹಾಗಾದರೆ ಒಂದು ವೀಸೆ ಎಣ್ಣೆ ಕೊಳ್ಳುವುದಕ್ಕೆ ಅವನು ಎರಡು ದಿನ ಹೊರಬೇಕಲ್ಲ, ಇವತ್ತಿಗಿಂತ ಆಗಲೇ ಎಣ್ಣೆ ದುಬಾರಿ ಇತ್ತಲ್ಲ ಅಂದೆ. ಅವರು ನನ್ನನ್ನು ಮೊದಲ ಸಲ ನೋಡುವ ಹಾಗೆ ನೋಡಿದರು. "ಅವರಿಗೆ ಖರ್ಚೇನಿರುತ್ತದಮ್ಮಾ," ಅಂತ ತೆಲುಗಿನಲ್ಲಿ ಹೇಳಿ ಪುಸ್ತಕ ಮುಚ್ಚಿ ಬಟ್ಟೆ ಕಟ್ಟಿದರು. ಕಾಫಿ ಬಂತು. ಕುಡಿದು ಎದ್ದೆ. ಮುಂದಿನ ವಾರ ಬ್ಯಾಂಕಿಗೆ ಬಂದಾಗ ಅವರು ಪಕ್ಕದ ಮೇಜಿಗೆ ಹೋದರು.

ಇಷ್ಟಾದರೂ ನನ್ನ ಪಟ್ಟಿಯಲ್ಲಿ ಇದ್ದದ್ದೆಲ್ಲ ಸಮುದ್ರದ ದಂಡೆಯ ಊರಿನ ಬೆಲೆ. ಆಯಿ ಹುಟ್ಟಿದ ಕರಿಮಣ್ಣಿನ ಊರಿಗೂ ಇದಕ್ಕೂ ಸಂಬಂಧವಿರಲಿಲ್ಲ. ಆಯಿಯನ್ನೇ ಕೇಳಿದರಾಯಿತು ಅನ್ನುವುದು ನನಗೆ ಹೊಳೆದದ್ದು ಎರಡು ತಿಂಗಳಾದ ಮೇಲೆ. ಈ ಎರಡು ತಿಂಗಳಲ್ಲಿ ವಿಜಯವಾಡಕ್ಕೆ ಒಮ್ಮೆ ಹೋಗಿಯೂ ಬಂದಿದ್ದೆ. ಆಗ ಅವಳ ಕಾಲು ಮುಟ್ಟಿ, ಔಷಧ ತಗೊಂಡೆಯಾ ಅಂತ ಕೇಳಿ, ಅಣ್ಣನ ಹೆಂಡತಿ, ನಮ್ಮ ವೈನಿಯ ಜೊತೆ ಸೀರೆ ಅಂಗಡಿಗೆ ಹೋಗಿದ್ದೆ. ಅಣ್ಣನನ್ನು ಹಂಗಿಸುವುದು ನನಗೆ ಸುಲಭ. ನಾನೂ ಆಯಿಯ ಜೊತೆ ಐದು ನಿಮಿಷಕ್ಕಿಂತ ಹೆಚ್ಚು ಕೂತು ಮಾತಾಡಿ ಎಷ್ಟು ವರ್ಷವಾಗಿತ್ತೋ ಏನೋ.

ನವೆಂಬರಿನ ಒಂದು ಶನಿವಾರ ಬೆಳಗಿನ ರೈಲಿಗೆ ಹೋದೆ. ಅಣ್ಣ ಮನೆಯಲ್ಲಿರಲಿಲ್ಲ. ಆಯಿ ತನ್ನ ಕೋಣೆಯಲ್ಲಿ ಮಂಚದ ಮೇಲೆ ಕೂತು ತೆಲುಗು ಧಾರಾವಾಹಿ ನೋಡುತ್ತಿದ್ದಳು. ಒಂದು ಮಾತೂ ಅರ್ಥವಾಗದು. ಯಾರು ಕೆಟ್ಟವಳು ಅಂತ ಕುಂಕುಮ ನೋಡಿದರೆ ತಿಳಿಯುತ್ತದೆ ಅನ್ನುತ್ತಾಳೆ. ನಾನು ಪುಸ್ತಕ ಪೆನ್ನು ತೆಗೆದು, ನೀನು ಹುಟ್ಟಿದ ವರ್ಷ ಯಾವ ಸಾಮಾನಿಗೆ ಎಷ್ಟಿತ್ತು ಹೇಳು ಅಂದೆ.

"ನಾ ಹುಟ್ಟಿದಾಗ ನಂಗೇನ ಗೊತ್ತ ರೇಟು. ನಾ ಕೂಸ ಇದ್ದೆ," ಅಂದಳು.

ಸಣ್ಣವಳಿದ್ದಾಗ ಕೇಳಿದ್ದಾದರೂ ನೆನಪಿದೆಯೇ ಅಂತ ಕೇಳಿದೆ. ಇದನ್ನು ಬರೆದುಕೊಂಡು ಏನು ಮಾಡುತ್ತೀ ಅಂದಳು. ಬೋರ್ಡಿನ ವಿಷಯ ಹೇಳಿದೆ. ನಿಮಗೆ ಕೆಲಸವಿಲ್ಲ ಅಂದಳು. ಆದರೆ ಟಿವಿ ಸಣ್ಣಗೆ ಮಾಡು ಅಂತಲೂ ಅಂದಳು.

ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತ ಹೋದ ಹಾಗೆ ನನ್ನ ಪಟ್ಟಿ ಬಿದ್ದುಹೋಯಿತು. ಅವಳ ತವರಿನಲ್ಲಿ ಕೊಳ್ಳುವುದೇ ಇರಲಿಲ್ಲ. ಕುಸುಬೆ ಒಯ್ದು ಕೊಟ್ಟರೆ ಗಾಣದವನು ಎಣ್ಣೆ ಕೊಡುತ್ತಿದ್ದ, ಹಿಂಡಿ ಅವನೇ ಇಟ್ಟುಕೊಳ್ಳುತ್ತಿದ್ದ. ಕುಂಬಾರನಿಗೆ, ಬಡಿಗನಿಗೆ, ಕ್ಷೌರದವನಿಗೆ ಸುಗ್ಗಿಯಲ್ಲಿ ಜೋಳ. ದುಡ್ಡು ಕೊಟ್ಟು ತರುವುದು ಉಪ್ಪು, ಚಿಮಣಿ ಎಣ್ಣೆ, ವರ್ಷಕ್ಕೊಮ್ಮೆ ಬಟ್ಟೆ. ಅದನ್ನೂ ಗಂಡಸರು ಸಂತೆಯಿಂದ ತರುತ್ತಿದ್ದರು. ಎಷ್ಟಾಯಿತು ಅಂತ ಹೆಂಗಸರು ಕೇಳುವಂತಿರಲಿಲ್ಲ. ಅಜ್ಜ ಹಾಸಿಗೆ ಹಿಡಿಯುವವರೆಗೂ, ಅಂದರೆ ತನಗೆ ನಲವತ್ತು ಆಗುವವರೆಗೂ, ಆಯಿ ಕೈಯಲ್ಲಿ ನೋಟು ಹಿಡಿದು ಅಂಗಡಿಗೆ ಹೋದವಳಲ್ಲ. ನಾನು ಹಾಳೆ ಮಡಚಿದೆ. ಆಗ ಅವಳು ತಾನಾಗಿಯೇ, "ಒಂದ ರೇಟು ಗೊತ್ತೈತಿ ನೋಡು," ಅಂದಳು.

ಅದು ಸೂಲಗಿತ್ತಿಯ ರೇಟು. ಅವರ ಊರಿನಲ್ಲಿ ಗಂಡು ಹುಟ್ಟಿದರೆ ಸೂಲಗಿತ್ತಿಗೆ ಐದು ಸೇರು ಜೋಳ ಮತ್ತು ಒಂದು ಸೀರೆ. ಹೆಣ್ಣು ಹುಟ್ಟಿದರೆ ಎರಡೂವರೆ ಸೇರು, ಸೀರೆ ಇಲ್ಲ. ಆಯಿಯ ತಾಯಿ ಎರಡು ಹಗಲು ಒಂದು ರಾತ್ರಿ ನೋವು ತಿಂದಿದ್ದಳಂತೆ, ಸೂಲಗಿತ್ತಿ ಕದಲದೆ ಕೂತಿದ್ದಳಂತೆ. ಕೊನೆಗೆ ಹುಟ್ಟಿದ್ದು ಆಯಿ. ಎರಡೂವರೆ ಸೇರು ಅಳೆದು ಕಳಿಸಿದರು. ಸೂಲಗಿತ್ತಿಗೆ ಆ ಸಂಕಟ ಹೋಗಲೇ ಇಲ್ಲ. ಆಯಿ ಓಡಾಡುವ ಹುಡುಗಿಯಾದ ಮೇಲೆ ಓಣಿಯಲ್ಲಿ ಕಂಡಾಗಲೆಲ್ಲ ಅವಳು ಬೇರೆ ಹೆಂಗಸರಿಗೆ ತೋರಿಸಿ, "ನನ್ನ ಸೀರಿ ತಿಂದಾಕಿ ಬಂದ್ಲು ನೋಡ್ರಿ," ಅನ್ನುತ್ತಿದ್ದಳಂತೆ.

ಇದನ್ನು ಆಯಿ ಸಿಟ್ಟಿಲ್ಲದೆ ಹೇಳಿದಳು. ಹೇಳಿ ಟಿವಿಯ ದನಿ ಮತ್ತೆ ದೊಡ್ಡದು ಮಾಡು ಅಂದಳು.

ವಿಶಾಖಪಟ್ಟಣಕ್ಕೆ ಬಂದು ಪಟ್ಟಿಯನ್ನು ಶುದ್ಧವಾಗಿ ಬರೆದೆ. ಬೆಲ್ಲ, ಉಪ್ಪು, ಎಣ್ಣೆ, ಖಾದಿ, ಹಮಾಲಿಯ ದಿನಗೂಲಿ ಮೂರು ಆಣೆ, ಎಲ್ಲಕ್ಕಿಂತ ಕೊನೆಗೆ ಸೂಲಗಿತ್ತಿಯದು. ತೂಕ ಅಳತೆ ಆಗಿನವು, ಕಂಸದಲ್ಲಿ ಈಗಿನವು. ಕಳಿಸುವಾಗ ನನ್ನ ಬಗ್ಗೆ ನನಗೇ ಬಹಳ ಅಭಿಮಾನವಿತ್ತು.

ಅಣ್ಣ ಮರುದಿನ ಫೋನ್ ಮಾಡಿದ. ಕೂಲಿಯ ಸಾಲು ತೆಗೆಸಿದ್ದೇನೆ ಅಂದ, ಅದು ಸಾಮಾನಲ್ಲವಲ್ಲ. ಬಂಗಾರ ಯಾಕೆ ಹಾಕಿಲ್ಲ, ಜನ ಮೊದಲು ನೋಡುವುದೇ ಬಂಗಾರವನ್ನು ಅಂದ. ಸೂಲಗಿತ್ತಿಯ ಸಾಲನ್ನಂತೂ ಹಾಕುವ ಹಾಗೇ ಇಲ್ಲ ಅಂದ. "ಹೆರಿಗಿ ಆಸ್ಪತ್ರಿ ಡಾಕ್ಟರ್ ಬರತಾರ, ಅವರು ನಮಗ ದೊಡ್ಡ ಪಾರ್ಟಿ. ಹೆಣ್ಣಿಗಿಷ್ಟು ಗಂಡಿಗಿಷ್ಟು ಅಂತ ಬಾಗಲದಾಗ ಬರದ ನಿಲ್ಲಿಸಿದ್ರ ಹೆಂಗ?"

ಆಯಿ ಹುಟ್ಟಿದ ವರ್ಷದ್ದು ಅಂತ ಆ ಪಟ್ಟಿಯಲ್ಲಿರುವ ಒಂದೇ ನಿಜವಾದ ಬೆಲೆ ಅದು, ಉಳಿದದ್ದೆಲ್ಲ ಬೇರೆ ಯಾರದೋ ಊರಿನದು ಅಂತ ನಾನು ವಾದಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ, ಗಿರಾಕಿಗಳ ದೂರು ಕೇಳಿಸಿಕೊಳ್ಳುವ ದನಿಯಲ್ಲಿ ಹೂಂ ಹೂಂ ಅನ್ನುತ್ತ. ಆಮೇಲೆ, ಬೋರ್ಡಿನ ಕೆಳಗೆ ಸಂಶೋಧನೆ ಅಂತ ನಿನ್ನ ಹೆಸರು ಹಾಕಿಸುತ್ತೇನೆ ಅಂದ. ನನ್ನ ಹೆಸರು ಬೇಡ ಅನ್ನಬಹುದಾಗಿತ್ತು. ನಿನಗೆ ತಿಳಿದ ಹಾಗೆ ಮಾಡು ಅಂತ ಫೋನ್ ಇಟ್ಟೆ. ಅವನು ನನ್ನನ್ನು ಇಷ್ಟು ಸೋವಿಗೆ ಕೊಂಡುಕೊಂಡ.

ಸಮಾರಂಭದ ದಿನ ಬೋರ್ಡು ಬಾಗಿಲಲ್ಲಿತ್ತು. ಮೇಲೆ ಇಂಗ್ಲಿಷು, ಕೆಳಗೆ ತೆಲುಗು. ಕನ್ನಡ ಒಂದಕ್ಷರ ಇರಲಿಲ್ಲ. ಯಾರ ಹುಟ್ಟುಹಬ್ಬವೋ ಅವಳಿಗೆ ಅದರಲ್ಲಿ ಓದಲು ಬರುವಂಥದ್ದು ಏನೂ ಇರಲಿಲ್ಲ. ಡೆಕೋರೇಶನ್ನಿನ ಹುಡುಗ ನನ್ನ ಸೇರು ವೀಸೆಗಳನ್ನು ಕಿತ್ತು ಮತ್ತೆ ಕಿಲೋ ಲೀಟರು ಮಾಡಿದ್ದ, ಆದರೆ ಬೆಲೆ ವೀಸೆಯದೇ ಬಿಟ್ಟಿದ್ದ. ಕಾರಿನ ಸಾಲು ಹಾಗೇ ಇತ್ತು. ಕೆಳಗೆ ನನ್ನ ಹೆಸರು ಚೆನ್ನಾಗಿ ಮೂಡಿ ಬಂದಿತ್ತು. ಡಾಕ್ಟರುಗಳು ಬಂದರು, ಬಂಗಾರದ ಸಾಲಿಗೆ ಬೆರಳಿಟ್ಟು ಫೋಟೋ ತೆಗೆಸಿಕೊಂಡರು, ಆಗ ಒಂದು ಕಿಲೋ ಕೊಂಡಿಟ್ಟಿದ್ದರೆ ಅಂತ ನಕ್ಕರು. ಅವರ ತಾತಂದಿರೂ ಆಗ ದಿನಗೂಲಿಗೆ ಚೀಲ ಹೊರುತ್ತಿದ್ದಿರಬಹುದು ಅನ್ನುವುದು ಒಬ್ಬರ ತಲೆಗೂ ಬಂದಂತೆ ಕಾಣಲಿಲ್ಲ.

ಆಯಿಗೆ ಕಂಚಿ ಸೀರೆ ಉಡಿಸಿ ಸ್ಟೇಜಿನ ಮೇಲೆ ಮದುವೆ ಗಂಡು ಹೆಣ್ಣಿನ ದೊಡ್ಡ ಸೋಫಾದಲ್ಲಿ ಕೂರಿಸಿದ್ದರು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಮೈಕ್ ಹಿಡಿದ ಹುಡುಗಿಯೊಬ್ಬಳು, ಮುತ್ತಜ್ಜಿಗೆ ತೆಲುಗಿನಲ್ಲಿ ಅನ್ನುವ ಹಾಗೆ ಆಯಿಯನ್ನು ತಾತಮ್ಮ ಅನ್ನುತ್ತ, ಆಟ ಆಡಿಸಿದಳು. ತಾತಮ್ಮ ಹುಟ್ಟಿದ ವರ್ಷ ಬಂಗಾರ ತೊಲಕ್ಕೆ ಎಷ್ಟು, ಹೇಳಿದವರಿಗೆ ಬೆಳ್ಳಿ ನಾಣ್ಯ. ಬಾಗಿಲಲ್ಲೇ ಬರೆದಿದ್ದರೂ ಮೂರು ಜನ ತಪ್ಪು ಹೇಳಿದರು. ಕೊನೆಗೆ ಅವಳು ಮೈಕನ್ನು ಆಯಿಯ ಬಾಯಿಗೆ ಹಿಡಿದು, ಆಗಿನ ಬೆಲೆಗಳ ಬಗ್ಗೆ ನೀವೇ ಒಂದು ಮಾತು ಹೇಳಿ ಅಂದಳು. ಆಯಿ ನನ್ನ ಕಡೆ ನೋಡಿದಳು. ನಾನು ಪಕ್ಕಕ್ಕೆ ಹೋಗಿ ಏನು ಕೇಳುತ್ತಿದ್ದಾಳೆ ಅಂತ ಹೇಳಿದೆ.

ಆಯಿ ಮೈಕಿಗೆ ಹೆದರಲಿಲ್ಲ. ಬಂಗಾರದ ರೇಟು ನನಗೆ ಗೊತ್ತಿಲ್ಲ, ನನಗೆ ಗೊತ್ತಿರುವುದು ಒಂದೇ ಅಂತ ಶುರು ಮಾಡಿ, ಐದು ಸೇರು, ಎರಡೂವರೆ ಸೇರು, ಸೀರೆ, ಓಣಿಯ ಮಾತು, ಎಲ್ಲವನ್ನೂ ನನಗೆ ಹೇಳಿದ ಹಾಗೆಯೇ ಹೇಳಿದಳು. ಮುನ್ನೂರು ಜನ ನಗುಮುಖ ಮಾಡಿಕೊಂಡು ಕೇಳಿದರು. ಅರ್ಥವಾದದ್ದು ನನಗೆ, ಅಣ್ಣನಿಗೆ, ವೈನಿಗೆ. ಅಣ್ಣ ಸ್ಟೇಜಿನ ಕೆಳಗೆ ಹೆರಿಗೆ ಡಾಕ್ಟರ ಪಕ್ಕದಲ್ಲಿ ನಿಂತಿದ್ದ, ಅವನ ಮುಖ ನೆಟ್ಟಗಿರಲಿಲ್ಲ. ಮೈಕಿನ ಹುಡುಗಿ ನನ್ನ ಕಡೆ ತಿರುಗಿ, ತಾತಮ್ಮ ಏನು ಹೇಳಿದರು ಅಂತ ತೆಲುಗಿನಲ್ಲಿ ಎಲ್ಲರಿಗೂ ಹೇಳಿ ಮೇಡಂ ಅಂದಳು.

ಮೈಕ್ ನನ್ನ ಕೈಗೆ ಬಂತು. ನನ್ನ ತೆಲುಗು ಚೆನ್ನಾಗಿಯೇ ಇದೆ, ದಿನಕ್ಕೆ ನೂರು ಜನರ ಜೊತೆ ಮಾತಾಡುತ್ತೇನೆ. ಎರಡು ವಾಕ್ಯದಲ್ಲಿ ಹೇಳಿ ಮುಗಿಸಬಹುದಾಗಿತ್ತು.

"ಆಗ ಎಲ್ಲ ಬಹಳ ಅಗ್ಗವಾಗಿತ್ತು, ಆ ದಿನಗಳೇ ಬೇರೆ ಅನ್ನುತ್ತಿದ್ದಾರೆ," ಅಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಯಾಕೆ ಹಾಗೆ ಹೇಳಿದೆ ಅಂತ ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಅಣ್ಣನ ಮೇಲೆ ಮರುಕ ಹುಟ್ಟಿತೋ, ಆ ನಗುಮುಖಗಳು ಬಾಡುವುದನ್ನು ನೋಡುವ ಧೈರ್ಯವಿರಲಿಲ್ಲವೋ, ಬಾಗಿಲ ಬೋರ್ಡಿನ ಮೇಲಿನ ನನ್ನ ಹೆಸರೋ. ಮೂರು ತಿಂಗಳು ಯಾವ ಮಾತಿಗಾಗಿ ಎಲ್ಲರನ್ನೂ ಹೀಗಳೆದಿದ್ದೆನೋ ಅದೇ ಮಾತು ಬಾಯಿಗೆ ಸಲೀಸಾಗಿ ಬಂತು. ಸ್ಟೇಜಿನಿಂದ ಇಳಿದಾಗ ಅಣ್ಣ ನನ್ನ ಬೆನ್ನು ತಟ್ಟಿದ.

ಊಟಕ್ಕೆ ಆಯಿಯನ್ನು ಒಂದು ಮೂಲೆಯ ಮೇಜಿಗೆ ಕೂರಿಸಿ ಮೊಸರನ್ನ ಕಲಸಿ ಕೊಟ್ಟೆ. ಅವರಿಗೆ ಏನು ಹೇಳಿದೆ ಅಂತ ಕೇಳಿದಳು. ಸುಳ್ಳು ಹೇಳಲಾಗಲಿಲ್ಲ, ಎಲ್ಲ ಸೋವಿ ಇತ್ತು ಅಂದೆ ಅಂತ ಹೇಳಿದೆ.

"ನೀನೂ ನಿಮ್ಮಣ್ಣನಂಗ ಆದಿ," ಅಂದಳು. ಆಮೇಲೆ ಅನ್ನ ಉಂಡಳು, ಉಪ್ಪು ಕಡಿಮೆಯಾಗಿದೆ ಅಂದಳು.

ಮರುದಿನ ಬೆಳಿಗ್ಗೆ ತಿಂಡಿ ತಿನ್ನುವಾಗ ಅಣ್ಣನ ಮಗಳು ನನ್ನ ಎದುರು ಬಂದು ಕೂತಳು. ಹತ್ತನೇ ಕ್ಲಾಸಿನ ಹುಡುಗಿ. ಮನೆಯಲ್ಲೂ ತೆಲುಗೇ ಮಾತಾಡುತ್ತಾಳೆ, ಕನ್ನಡದಲ್ಲಿ ಬಾ, ಹೋಗು, ಊಟ ಆಯಿತಾ ಅನ್ನುವಷ್ಟು ಬರುತ್ತದೆ. ತಾತಮ್ಮ ಅಷ್ಟು ಹೊತ್ತು ಮಾತಾಡಿದರು, ನೀವು ಒಂದೇ ಸಾಲು ಹೇಳಿದಿರಿ, ಹೆಣ್ಣು ಅಂದದ್ದು ಸೀರೆ ಅಂದದ್ದು ನನಗೆ ಕೇಳಿಸಿತು, ನಿಜವಾಗಿ ಏನು ಹೇಳಿದರು ಅಂತ ತೆಲುಗಿನಲ್ಲಿ ಕೇಳಿದಳು. ಅಣ್ಣ ಅಲ್ಲೇ ಇಡ್ಲಿ ತಿನ್ನುತ್ತಿದ್ದ. ನಾನು ಹೇಳಿದೆ, ಈ ಸಲ ಒಂದನ್ನೂ ಬಿಡಲಿಲ್ಲ. ಅಣ್ಣ ನಡುವೆ ತಟ್ಟೆ ಎತ್ತಿಕೊಂಡು ಹಾಲಿಗೆ ಹೋಗಿ ಫೋನಿನಲ್ಲಿ ಮಾತಾಡತೊಡಗಿದ.

ಹುಡುಗಿ ಎದ್ದು ಆಯಿಯ ಕೋಣೆಗೆ ಹೋದಳು. ನಾನೂ ಹಿಂದೆ ಹೋದೆ. ಮಂಚದ ತುದಿಗೆ ಕೂತು ಮುರುಕು ಕನ್ನಡದಲ್ಲಿ, "ತಾತಮ್ಮ, ಆಕೆಗೆ ಸೀರೆ ಸಿಕ್ಕಿಲ್ಲಾ? ಆಮೇಲೆ?" ಅಂತ ಕೇಳಿದಳು. ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನಾನು ರೇಟು ಬರೆದುಕೊಂಡು ಎದ್ದುಬಂದಿದ್ದೆ.

ಆಯಿ ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು. ನಡುನಡುವೆ ನಾನು ತೆಲುಗು ಮಾಡಿದೆ. ಆಯಿಯ ಬೆನ್ನಿಗೆ ಗಂಡು ಹುಟ್ಟಿತು. ಐದು ಸೇರು ಜೋಳ ಅಳೆದರು, ಸಂತೆಯಿಂದ ಹಸಿರು ಸೀರೆ ತಂದು ಸೂಲಗಿತ್ತಿಗೆ ಕೊಟ್ಟರು. ಆ ಕೂಸು ಎಂಟು ತಿಂಗಳಿಗೆ ಜ್ವರ ಬಂದು ತೀರಿಹೋಯಿತು. ಹೋದ ಹದಿನೈದು ದಿನಕ್ಕೆ ಆಯಿಯ ಅಪ್ಪ ಸೂಲಗಿತ್ತಿಯ ಮನೆಗೆ ಹೋಗಿ ಸೀರೆ ತಿರುಗಿ ಕೊಡು ಅಂತ ಕೇಳಿದನಂತೆ. ಗಂಡು ಉಳಿಯಲಿಲ್ಲವಲ್ಲ, ಕೊಟ್ಟದ್ದು ದಂಡವಾಯಿತಲ್ಲ ಅಂತ. ಅವಳು ಒಳಗೆ ಹೋದಳಂತೆ, ಸೀರೆ ತರುತ್ತಾಳೆ ಅಂತ ಇವನು ಕಟ್ಟೆಯ ಮೇಲೆ ಕೂತನಂತೆ. ಬಹಳ ಹೊತ್ತಾದ ಮೇಲೆ ಅವಳು ಅದನ್ನೇ ಉಟ್ಟುಕೊಂಡು ಬಾಗಿಲಲ್ಲಿ ಬಂದು ನಿಂತು, ಓಣಿಯವರೆಲ್ಲ ಕೇಳುವ ಹಾಗೆ, "ಬಿಚ್ಚಕೊಂಡ ಹೋಗು," ಅಂದಳಂತೆ.

"ನಮ್ಮಪ್ಪ ತಲಿ ತಗ್ಗಿಸಿ ಮನಿಗೆ ಬಂದ," ಅಂತ ಆಯಿ ಹೇಳಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ತನ್ನ ಅಪ್ಪನ ಬಗ್ಗೆ ಅವಳು ಹಾಗೆ ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು. ನಾನು ತೆಲುಗು ಮಾಡಿ ಹೇಳುವುದಕ್ಕೆ ಮೊದಲೇ ಹುಡುಗಿಗೆ ಅರ್ಥವಾಗಿ ಅವಳೂ ನಕ್ಕಳು. ನನ್ನ ರೈಲಿನ ಹೊತ್ತು ಮೀರಿತು. ಮಧ್ಯಾಹ್ನದ ಗಾಡಿಗೆ ಹೋದರಾಯಿತು ಅಂತ ಅಲ್ಲೇ ಕೂತೆ. ಆ ಸೂಲಗಿತ್ತಿಯ ಹೆಸರೇನು, ಅವಳಿಗೆ ಮಕ್ಕಳಿದ್ದರೇ ಅಂತ ಹುಡುಗಿ ಕೇಳುತ್ತಿದ್ದಳು, ಆಯಿ ಹೇಳುತ್ತಿದ್ದಳು.

ಏನು ನಗುತ್ತಿದ್ದೀರಿ ಅಂತ ಅಣ್ಣ ಹಾಲಿನಿಂದ ಕೂಗಿ ಕೇಳಿದ. ಹುಡುಗಿ ಆಯಿಯ ಕಡೆ ಇನ್ನಷ್ಟು ಸರಿದು, ಆಮೇಲೆ ಅಂತ ಕೇಳಿದಳು.